ಮೂರು ಸಲ ಬೆಳವಣಿಗೆ ಇಲ್ಲ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಬೇರೆಯವರು ಹೇಳಿದರೆ ಇನ್ನೂ ಕೋಪ ಬರುತ್ತದೆ. ಒಂದು ಕಡೆ ಕೂರುವ ಜಾಯಮಾನವೂ ನನ್ನದಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದೀಯ ಎಂದು ನಮ್ಮಮ್ಮ ಬೈಯುತ್ತಿದ್ದಳು. ಅಂಥವಳಿಗೆ ದೇವರು ಕೊಟ್ಟ ಕೆಲಸ ನೋಡಿ: ಯಶವಂತಪುರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ, ರೋಗಿಗಳ ರಕ್ತವನ್ನು ಮಾಂಸದ ಸಾರಿಗೆ ಬೆರೆಸಿದ ಸೀಸೆಗಳನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಅದರಲ್ಲಿ ಕ್ರಿಮಿ ಬೆಳೆಯುತ್ತದೋ ಇಲ್ಲವೋ ಎಂದು ದಿನಗಟ್ಟಲೆ ಕಾಯುವುದು. ಬೆಳೆದರೆ ಯಾವುದೆಂದು ಬರೆಯಬೇಕು. ಬೆಳೆಯದಿದ್ದರೆ ‘ಬೆಳವಣಿಗೆ ಇಲ್ಲ’ ಎಂದು ಎರಡು ಪದ ಬರೆದು, ರಾಮಲಕ್ಷ್ಮಮ್ಮ ಎಂದು ಸಹಿ ಹಾಕಿ ವಾರ್ಡಿಗೆ ಕಳಿಸಬೇಕು.

ಆ ಎರಡು ಪದಗಳಿಂದ ಒಬ್ಬ ಹೆಂಗಸು ಸಾಯುವುದರಲ್ಲಿದ್ದಳು. ಅರವತ್ತನಾಲ್ಕನೇ ಇಸವಿಯ ಡಿಸೆಂಬರ್ ಅದು.

ಹೆಂಗಸಿನ ಹೆಸರು ಲಕ್ಷ್ಮಿದೇವಮ್ಮ. ಯಲಹಂಕದ ಹತ್ತಿರದ ಪುಟ್ಟೇನಹಳ್ಳಿಯವಳು, ಮೂವತ್ತೆರಡು ವರ್ಷ, ಮೂರು ಮಕ್ಕಳು. ದೀಪಾವಳಿ ಹಿಂದುಮುಂದು ಶುರುವಾದ ಜ್ವರ ಬಿಟ್ಟೇ ಇರಲಿಲ್ಲ. ಮಲೇರಿಯಾ ಅಂದರು, ವಿಷಮಶೀತ ಅಂದರು, ಕೊನೆಗೆ ಗಂಡ ಹನುಮಯ್ಯ ಅವಳನ್ನು ರೈಲಿನಲ್ಲಿ ಕೂರಿಸಿಕೊಂಡು ನಮ್ಮಲ್ಲಿಗೆ ತಂದ. ಅಷ್ಟು ಹೊತ್ತಿಗೆ ಅವಳು ಸೊರಗಿ, ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಅತ್ತೆ ಮುನಿಕೃಷ್ಣಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತು ಅವಳ ಅಂಗಾಲು ತಿಕ್ಕುತ್ತಿದ್ದಳು.

ಅವಳನ್ನು ನೋಡುತ್ತಿದ್ದವರು ಡಾಕ್ಟರ್ ಮುನಿವೆಂಕಟಯ್ಯ. ಅಮೃತಹಳ್ಳಿಯ ರಾಗಿ ಬೆಳೆಯುವವರ ಮನೆಯ ಹುಡುಗ, ಓದು ಮುಗಿಸಿ ಎರಡು ವರ್ಷ ಆಗಿತ್ತು ಅಷ್ಟೆ. ಆದರೆ ಕಿವಿ ಚುರುಕು. ಸೋಮವಾರ ಅವಳ ಎದೆಯಲ್ಲಿ ಕೇಳಿದ ಸದ್ದು ಗುರುವಾರ ಬೇರೆಯಾಗಿದೆ ಎಂದು ಅವರು ಹಿಡಿದರು. ಉಗುರಿನ ಕೆಳಗೆ ಕೆಂಪು ದಾರದ ಚೂರಿನಂಥ ಗೆರೆಗಳು ಇರುವುದನ್ನೂ ತೋರಿಸಿದರು. ಹೃದಯದೊಳಗೆ, ಮುಂದಕ್ಕೆ ಹೋದ ರಕ್ತ ಹಿಂದಕ್ಕೆ ಬರದ ಹಾಗೆ ಮುಚ್ಚಿಕೊಳ್ಳುವ ಕದಗಳಿವೆಯಲ್ಲ, ಆ ಕವಾಟದ ಮೇಲೆ ಯಾವುದೋ ಕ್ರಿಮಿ ಕೂತು ಅದನ್ನು ತಿನ್ನುತ್ತಿದೆ ಎನ್ನುವುದು ಅವರ ಅನುಮಾನ. ಹಾಗಿದ್ದರೆ ಪೆನಿಸಿಲಿನ್ನನ್ನು ದೊಡ್ಡ ಪ್ರಮಾಣದಲ್ಲಿ, ವಾರಗಟ್ಟಲೆ ಕೊಡಬೇಕು. ಕೊಡದಿದ್ದರೆ ಸಾವು ಖಂಡಿತ.

ನಮ್ಮ ದೊಡ್ಡ ಡಾಕ್ಟರು ಒಪ್ಪಲಿಲ್ಲ. ಇದು ಕೀಲುವಾತದ ಜ್ವರ, ಅದರಿಂದ ಹೃದಯ ಊದಿಕೊಂಡಿದೆ, ಕಾರ್ಟಿಸೋನ್ ಕೊಟ್ಟರೆ ಇಳಿಯುತ್ತದೆ ಅನ್ನುವುದು ಅವರ ಮಾತು. ಕವಾಟದ ಮೇಲೆ ಕ್ರಿಮಿ ಇದ್ದರೆ ರಕ್ತದಲ್ಲೂ ಇರಬೇಕಲ್ಲ, ಲ್ಯಾಬಿನಲ್ಲಿ ತೋರಿಸಿ, ಆಮೇಲೆ ಮಾತಾಡೋಣ ಎಂದರು. ಹತ್ತು ದಿನದಲ್ಲಿ ಮೂರು ಸಲ ರಕ್ತ ಕಳಿಸುವುದೆಂದು ತೀರ್ಮಾನವಾಯಿತು. ಲಕ್ಷ್ಮಿದೇವಮ್ಮನ ಜೀವ ನನ್ನ ಬೆಚ್ಚಗಿನ ಪೆಟ್ಟಿಗೆಗೆ ಬಂದು ಕೂತಿದ್ದು ಹೀಗೆ.

ಈಗ ನನ್ನ ಒಂದು ಅಭ್ಯಾಸದ ವಿಷಯ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ. ಆಗ ಮಾತ್ರ ಅದರ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು.

ವಾರ್ಡಿನಲ್ಲಿ ರಕ್ತ ತೆಗೆಯುತ್ತಿದ್ದವಳು ನರ್ಸ್ ದ್ರೌಪದಮ್ಮ. ನನಗಿಂತ ಐದಾರು ವರ್ಷ ದೊಡ್ಡವಳು, ಗಂಡ ಇಲ್ಲ. ಇಬ್ಬರೂ ಯಲಹಂಕದವರು, ದಿನಾ ಒಂದೇ ರೈಲಿನಲ್ಲಿ ಹೋಗಿ ಬರುತ್ತಿದ್ದೆವು. ಅವಳ ಡಬ್ಬಿಯ ಹುರುಳಿಕಾಳು ಬಸ್ಸಾರು ತಿಂದು ನಾನು ದಪ್ಪಗಾಗಿದ್ದೆ. ಎರಡು ವರ್ಷದ ಹಿಂದೆ, ಅವಳು ತೆಗೆದ ರಕ್ತದ ಸೀಸೆಯೊಂದರಲ್ಲಿ ಚರ್ಮದ ಮೇಲಿರುವ ಮಾಮೂಲಿ ಕ್ರಿಮಿ ಬೆಳೆದಿತ್ತು. ಸೂಜಿ ಚುಚ್ಚುವ ಮೊದಲು ಚರ್ಮವನ್ನು ಸರಿಯಾಗಿ ಒರೆಸದಿದ್ದರೆ ಹಾಗಾಗುತ್ತದೆ. ನಾನು ಇದ್ದದ್ದನ್ನು ಇದ್ದ ಹಾಗೆ ಬರೆದೆ. ದೊಡ್ಡ ಡಾಕ್ಟರು ಅವಳನ್ನು ವಾರ್ಡಿನ ಮಧ್ಯೆ ನಿಲ್ಲಿಸಿ, ರೋಗಿಗಳು, ಅವರ ನೆಂಟರು, ಜಾಡಮಾಲಿ ಎಲ್ಲರೂ ನೋಡುವಂತೆ ಐದು ಸಲ ಕೈ ತೊಳೆಸಿದರು. ಅವತ್ತು ಯಶವಂತಪುರದಿಂದ ಯಲಹಂಕದವರೆಗೂ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಇನ್ನು ಮೇಲೆ ನನ್ನ ಕೈಯಿಂದ ಇವಳಿಗೆ ಈ ಅವಮಾನ ಆಗಬಾರದು ಎಂದು ನಾನು ಆ ರೈಲಿನಲ್ಲೇ ನಿಶ್ಚಯ ಮಾಡಿದೆ.

ಅಂದಿನಿಂದ ಸೀಸೆಯಲ್ಲಿ ಚರ್ಮದ ಕ್ರಿಮಿ ಕಂಡರೆ ನಾನು ‘ಬೆಳವಣಿಗೆ ಇಲ್ಲ’ ಎಂದು ಬರೆದು, ಸೀಸೆಯನ್ನು ಕುದಿಸಿ ತೊಳೆದಿಡುತ್ತಿದ್ದೆ. ಕೊಳೆ ಬೆಳೆದರೂ ಒಂದೇ, ಏನೂ ಬೆಳೆಯದಿದ್ದರೂ ಒಂದೇ, ರೋಗಿಗೇನು ನಷ್ಟ ಎಂದು ನನ್ನ ಲೆಕ್ಕ. ದ್ರೌಪದಮ್ಮನಿಗೆ ಇದನ್ನು ಹೇಳಿರಲಿಲ್ಲ. ಉಪಕಾರ ಮಾಡಿ ಹೇಳಿಕೊಳ್ಳುವುದು ಸಣ್ಣತನ ಅಂದುಕೊಂಡಿದ್ದೆ.

ಲಕ್ಷ್ಮಿದೇವಮ್ಮನ ಮೊದಲನೇ ಸೀಸೆ ಮೂರನೇ ದಿನಕ್ಕೆ ಸ್ವಲ್ಪ ಮಸುಕಾಯಿತು. ಒಂದು ಹನಿ ಗಾಜಿನ ಮೇಲೆ ಹಚ್ಚಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನೀಲಿ ಬಣ್ಣದ, ಬಹಳ ಸಣ್ಣ, ತೆಳ್ಳನೆಯ ಕಡ್ಡಿಗಳು. ಚರ್ಮದ ಮೇಲೆ ಇಂಥ ಕಡ್ಡಿಗಳು ಇರುವುದುಂಟು. ಸರಿ, ಬೆಳವಣಿಗೆ ಇಲ್ಲ. ಎರಡನೇ ಸೀಸೆಯೂ ಹಾಗೇ ಮಸುಕಾಯಿತು. ಈ ಸಲ ದ್ರೌಪದಮ್ಮನ ಮೇಲೆ ಸಿಟ್ಟು ಬಂತು. ರೈಲಿನಲ್ಲಿ ಅವಳು ಕೊಟ್ಟ ಕಡಲೆಪುರಿ ಬೇಡವೆಂದು ಕಿಟಕಿ ಕಡೆ ತಿರುಗಿದೆ. ಏನಾಯ್ತೇ ಎಂದು ಅವಳು ಎರಡು ಸಲ ಕೇಳಿದಳು. ತಲೆನೋವು ಅಂದೆ. ವರದಿಯಲ್ಲಿ ಮಾತ್ರ ಬೆಳವಣಿಗೆ ಇಲ್ಲ ಎಂದೇ ಬರೆದೆ.

ಮೂರನೇ ಸೀಸೆಯ ವರದಿಯನ್ನು ಗುರುವಾರ ಬೆಳಿಗ್ಗೆ ವಾರ್ಡಿನಿಂದ ಎರಡು ಸಲ ಹೇಳಿಕಳಿಸಿ ಕೇಳಿದರು. ಅದೂ ಮಸುಕಾಗಿತ್ತು. ಅದೇ ಕಡ್ಡಿಗಳು. ನನ್ನ ಕೈ ಅಭ್ಯಾಸದಂತೆ ಬರೆದೇಬಿಟ್ಟಿತು. ಅರ್ಧ ಗಂಟೆಯಲ್ಲಿ ಸುದ್ದಿ ಬಂತು: ಮೂರು ವರದಿಯಲ್ಲೂ ಏನಿಲ್ಲ, ಶನಿವಾರದಿಂದ ಕಾರ್ಟಿಸೋನ್ ಶುರು, ಮುನಿವೆಂಕಟಯ್ಯನವರು ತಲೆ ತಗ್ಗಿಸಿಕೊಂಡು ಹೋದರು.

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸೀಸೆ ತೊಳೆಯಲು ಹೋದೆ, ಬಿಟ್ಟು ಬಂದೆ. ಮೂತ್ರ ಪರೀಕ್ಷೆಗೆ ಕೈ ಹಾಕಿದೆ, ಅದನ್ನೂ ಬಿಟ್ಟೆ. ಮೊದಲ ಎರಡು ಸೀಸೆಗಳನ್ನು ತೊಳೆದಿದ್ದರೂ ಬಣ್ಣ ಹಾಕಿದ ಗಾಜುಗಳು ಮರದ ಪೆಟ್ಟಿಗೆಯಲ್ಲಿ ಉಳಿದಿದ್ದವು. ಮೂರನ್ನೂ ತೆಗೆದು ಸಾಲಾಗಿ ಇಟ್ಟು ಒಂದಾದ ಮೇಲೊಂದು ನೋಡಿದೆ. ಮೂರರಲ್ಲೂ ಅವೇ ತೆಳ್ಳನೆಯ ಕಡ್ಡಿಗಳು, ಬೇರೆ ಒಂದೂ ಇಲ್ಲ. ಕೈ ಕೊಳಕಾಗಿದ್ದರೆ ಒಂದು ಸಲ ಗುಂಡನೆಯವು ಬರಬೇಕು, ಇನ್ನೊಂದು ಸಲ ಬೂಷ್ಟು ಬರಬೇಕು, ಮತ್ತೊಂದು ಸಲ ಏನೂ ಬರಬಾರದು. ಕೊಳೆಗೆ ಇಷ್ಟು ಶಿಸ್ತು ಇರುವುದಿಲ್ಲ. ಇದು ದ್ರೌಪದಮ್ಮನ ಕೈಯಿಂದ ಬಂದದ್ದಲ್ಲ, ಆ ಹೆಂಗಸಿನ ರಕ್ತದಲ್ಲೇ ಇದೆ ಎಂದು ಆಗ ಹೊಳೆಯಿತು.

ಆದರೆ ಈ ಕಡ್ಡಿ ಯಾವುದು? ಹೆಸರು ಗೊತ್ತಿಲ್ಲದೆ ದೊಡ್ಡ ಡಾಕ್ಟರ ಮುಂದೆ ನಿಂತರೆ ಅದೂ ಚರ್ಮದ್ದೇ ಎಂದು ತಳ್ಳಿಹಾಕುತ್ತಿದ್ದರು. ನನ್ನ ಪುಸ್ತಕದಲ್ಲಿ ಸಿಗಲಿಲ್ಲ. ಆಗ ಮಂಜೂರ್ ನೆನಪಾದ. ಲ್ಯಾಬ್ ಕೆಲಸ ಕಲಿಯುವಾಗ ನನ್ನ ಪಕ್ಕದ ಮೇಜಿನವನು. ನಮಗೆಲ್ಲ ಮನುಷ್ಯರ ಆಸ್ಪತ್ರೆ ಸಿಕ್ಕರೆ ಅವನಿಗೆ ಹೆಬ್ಬಾಳದ ಕಡೆ ದನದ ಡಾಕ್ಟರುಗಳ ಲ್ಯಾಬು ಸಿಕ್ಕಿತ್ತು. ಎಮ್ಮೆ ರಕ್ತ ನೋಡುವವನು ಎಂದು ನಾವೆಲ್ಲ ಅವನನ್ನು ಗೇಲಿ ಮಾಡುತ್ತಿದ್ದೆವು. ಕ್ರಿಮಿಗಳ ವಿಷಯದಲ್ಲಿ ಮಾತ್ರ ಅವನು ನಮ್ಮೆಲ್ಲರಿಗಿಂತ ಹೆಚ್ಚು ಕಂಡಿದ್ದ.

ಮೂರನೇ ಸೀಸೆಯನ್ನು ಸೆರಗಿನಲ್ಲಿ ಸುತ್ತಿಕೊಂಡು, ತಲೆನೋವೆಂದು ಮತ್ತೊಂದು ಸುಳ್ಳು ಹೇಳಿ, ಮಧ್ಯಾಹ್ನ ಜಟಕಾ ಹಿಡಿದೆ. ಕುದುರೆ ಬಡಕಲು. ಅದಕ್ಕಿಂತ ನಾನೇ ಬೇಗ ನಡೆಯುತ್ತೇನೆ ಅನ್ನಿಸಿ ಎರಡು ಸಲ ಇಳಿಯಲು ಹೋದೆ, ಗಾಡಿಯವನು ಬೈದು ಕೂರಿಸಿದ. ಬಳ್ಳಾರಿ ರಸ್ತೆಯಲ್ಲಿ ಬಸ್ಸು ಹತ್ತಿ ಹೆಬ್ಬಾಳದಲ್ಲಿ ಇಳಿದಾಗ ಎರಡು ಗಂಟೆ.

ಮಂಜೂರ್ ಏನು ಸಮಾಚಾರ ಎಂದು ಕೇಳುವ ಮೊದಲೇ ನಾನು ಸೀಸೆ ಮೇಜಿನ ಮೇಲಿಟ್ಟೆ. ಅವನು ಒಂದು ಹನಿ ತೆಗೆದು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ತಲೆ ಎತ್ತದೆ ಕೇಳಿದ.

“ಅಕ್ಕ, ಇದು ಹಂದೀದಾ, ಮೀನಿಂದಾ?”

“ಹೆಂಗಸಿಂದು.”

ಅವನು ನಗಲಿಲ್ಲ. ಹಂದಿಗಳಲ್ಲಿ ಇದನ್ನು ಬಹಳ ಸಲ ನೋಡಿದ್ದೇನೆ ಎಂದ. ಸತ್ತ ಹಂದಿಯ ಹೃದಯ ಸೀಳಿದರೆ ಕವಾಟದ ಮೇಲೆ ಹೂಕೋಸಿನ ಹಾಗೆ ಬೆಳೆದಿರುತ್ತದಂತೆ. ಮೀನಿನ ಮೈಯ ಲೋಳೆಯಲ್ಲೂ ಇರುತ್ತದೆ. ಮೀನು, ಮಾಂಸ ಕೊಯ್ಯುವವರ ಬೆರಳಿಗೆ ತಗಲಿ ಊದಿಸುತ್ತದೆ. ಬೆರಳು ದಾಟಿ ಮನುಷ್ಯರ ಹೃದಯಕ್ಕೆ ಇಳಿಯುವುದು ಮಾತ್ರ ಅಪರೂಪದಲ್ಲಿ ಅಪರೂಪ, ತಾನು ಓದಿದ್ದೇನೆಯೇ ಹೊರತು ಕಂಡಿಲ್ಲ ಎಂದ. ಅದರ ಹೆಸರು ಎರಿಸಿಪೆಲೋಥ್ರಿಕ್ಸ್. ನನ್ನ ನಾಲಿಗೆಗೆ ಹೊರಳಲಿಲ್ಲ, ಚೀಟಿಯಲ್ಲಿ ಬರೆಸಿಕೊಂಡೆ.

ನೋಡಿದ ಮಾತ್ರಕ್ಕೆ ಹೇಳಲಾಗುವುದಿಲ್ಲ ಎಂದು ಅವನು ಎರಡು ಪರೀಕ್ಷೆ ಹೂಡಿದ. ಕಬ್ಬಿಣದ ಉಪ್ಪು ಬೆರೆಸಿದ ಗಟ್ಟಿ ಗಂಜಿಯಂಥದ್ದು ತುಂಬಿದ ಕೊಳವೆಗೆ ಸೂಜಿಯಲ್ಲಿ ಕ್ರಿಮಿಯನ್ನು ಚುಚ್ಚಿದ. ಚರ್ಮದ ಕಡ್ಡಿಯಾದರೆ ಏನೂ ಆಗುವುದಿಲ್ಲ, ಇದಾದರೆ ನಾಳೆಗೆ ಚುಚ್ಚಿದ ದಾರಿ ಕಪ್ಪಾಗುತ್ತದೆ. ಇನ್ನೊಂದು, ಜೆಲಾಟಿನ್ ಎಂಬ ಅಂಟು ತುಂಬಿದ ಕೊಳವೆ, ಇದಾದರೆ ಅದರಲ್ಲಿ ಸೀಸೆ ತೊಳೆಯುವ ಬ್ರಷ್ಷಿನ ಹಾಗೆ ಬೆಳೆಯುತ್ತದೆ ಎಂದ. ಅದಕ್ಕೆ ಮೂರು ನಾಲ್ಕು ದಿನ ಬೇಕು, ಬೆಚ್ಚಗಾದರೆ ಕರಗಿಬಿಡುತ್ತದೆ, ಹಾಗಾಗಿ ಅದನ್ನು ಕುಡಿಯುವ ನೀರಿನ ಮಡಕೆಗೆ ಆನಿಸಿ ಇಟ್ಟ. ಬೇಗ ಮಾಡಕ್ಕಾಗಲ್ವಾ ಎಂದು ನಾನು ಎಷ್ಟು ಸಲ ಕೇಳಿದೆನೋ, ಕೊನೆಗೆ ಅವನು ನನ್ನನ್ನು ಕೈ ಹಿಡಿದು ಬಾಗಿಲವರೆಗೂ ಬಿಟ್ಟು ಬಂದ.

ನಾಲ್ಕೂವರೆಗೆ ವಾರ್ಡಿಗೆ ಓಡಿದೆ. ಲಕ್ಷ್ಮಿದೇವಮ್ಮ ಕಣ್ಣು ಮುಚ್ಚಿ ಮೇಲುಸಿರು ಬಿಡುತ್ತಿದ್ದಳು. ಕೇಸ್ ಶೀಟಿನಲ್ಲಿ ಕಸುಬು ಎಂಬ ಕಡೆ ‘ಮನೆಕೆಲಸ’ ಎಂದಿತ್ತು. ನಮ್ಮ ಆಸ್ಪತ್ರೆಗೆ ಬಂದ ಹೆಂಗಸರಿಗೆಲ್ಲ ಅದೊಂದೇ ಕಸುಬು, ಕೇಳುವ ಗೋಜಿಗೇ ಯಾರೂ ಹೋಗುತ್ತಿರಲಿಲ್ಲ. ಮುನಿಕೃಷ್ಣಮ್ಮನ ಪಕ್ಕ ನೆಲದ ಮೇಲೆ ಕೂತು, ನಿಮ್ಮ ಸೊಸೆ ಮೀನು ಮುಟ್ಟುತ್ತಾಳೆಯೇ ಎಂದು ಕೇಳಿದೆ.

“ಮುಟ್ಟದೇನವ್ವ, ಅದೇ ನಮ್ ಬದುಕು. ನನ್ ಮಗ ಕೆರೇಲಿ ಬಲೆ ಬಿಡ್ತಾನೆ, ಇವ್ಳು ಕುಯ್ದು ಯಲಹಂಕದಾಗೆ ಮಾರ್ತಾಳೆ. ಮಾಲಯ ಅಮಾಸೆ ದಿನ ಮೀನಿನ್ ಮುಳ್ ಚುಚ್ಕೊಂಡು ಬೆಳ್ಳು ಇಂಗೆ ಊದ್ಬುಡ್ತು, ನೇರಳೆಅಣ್ಣಿನ್ ಬಣ್ಣ. ಉಗುರ್ಸುತ್ತು ಅಂತ ನಿಂಬೆಅಣ್ಣು ಸಿಗ್ಸಿದ್ವಿ. ಒಂದಿಪ್ಪತ್ ದಿನಕ್ಕೆ ಇಳೀತು. ಯಾಕವ್ವ?”

ಆ ಬೆರಳನ್ನು ಹಿಡಿದು ನೋಡಿದೆ, ಸಣ್ಣದೊಂದು ಕಲೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಊತ ಇಳಿದಾಗ ಮನೆಯವರೆಲ್ಲ ಸದ್ಯ ಎಂದುಕೊಂಡಿರಬೇಕು. ಅದು ಒಳಗೆ ಇಳಿದಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಹೆಬ್ಬಾಳಕ್ಕೆ ಹೋದೆ. ಮಂಜೂರ್ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಸೂಜಿ ಚುಚ್ಚಿದ ದಾರಿಯುದ್ದಕ್ಕೂ ಕಪ್ಪಗೆ, ಕಾಡಿಗೆ ಎಳೆದ ಹಾಗೆ ಗೆರೆ. ಅದನ್ನು ನೋಡಿ ಸಂತೋಷಪಡಬೇಕೋ ಹೆದರಬೇಕೋ ತಿಳಿಯಲಿಲ್ಲ. ಎರಡೂ ಆಯಿತು.

ಹತ್ತು ಗಂಟೆಗೆ ದೊಡ್ಡ ಡಾಕ್ಟರು ಸುತ್ತು ಹಾಕುತ್ತಾರೆ. ನಾನು ಹೋದಾಗ ಅವರು ಲಕ್ಷ್ಮಿದೇವಮ್ಮನ ಮಂಚದ ಹತ್ತಿರವೇ ಇದ್ದರು. ಪಕ್ಕದಲ್ಲಿ ಮುನಿವೆಂಕಟಯ್ಯನವರು, ಹಿಂದೆ ತಟ್ಟೆ ಹಿಡಿದು ದ್ರೌಪದಮ್ಮ. ದಾರಿಯಲ್ಲಿ ನಾನು ಎಷ್ಟೋ ತರದ ಮಾತು ಜೋಡಿಸಿಕೊಂಡಿದ್ದೆ. ಮೊದಲು ಕಾಣಲಿಲ್ಲ, ಈಗ ಬೆಳೆಯಿತು ಎನ್ನಬಹುದಿತ್ತು. ಸೀಸೆ ಅದಲುಬದಲಾಯಿತು ಎನ್ನಬಹುದಿತ್ತು. ಆದರೆ ಒಂದು ಸಲ ಮಾತ್ರ ಬೆಳೆದಿದೆ ಎಂದರೆ ಅದು ಕೊಳೆ ಎನ್ನುತ್ತಾರೆ. ಮೂರು ಸಲವೂ ಅದೇ ಎಂದರೆ ಮಾತ್ರ ನಂಬುತ್ತಾರೆ. ಅವಳು ಉಳಿಯಬೇಕಾದರೆ ಪೂರ್ತಿ ನಿಜವೇ ಬೇಕಿತ್ತು, ಅರ್ಧ ನಿಜ ಸಾಲದು.

“ಸಾರ್, ಮೂರು ಸಲಾನೂ ಬೆಳೆದಿತ್ತು. ನಾನು ಇಲ್ಲ ಅಂತ ಬರೆದೆ.”

ದೊಡ್ಡ ಡಾಕ್ಟರು ಕನ್ನಡಕ ತೆಗೆದರು. ಯಾಕೆ ಎಂದು ಬಹಳ ಮೆತ್ತಗೆ ಕೇಳಿದರು. ಅವರು ಕೂಗಾಡಿದ್ದರೆ ನನಗೂ ಸಿಟ್ಟು ಬಂದು ಎಷ್ಟೋ ಅನುಕೂಲವಾಗುತ್ತಿತ್ತು. ಚರ್ಮದ ಕ್ರಿಮಿ ಅಂದುಕೊಂಡೆ ಸಾರ್, ಬರೆದರೆ ರಕ್ತ ತೆಗೆದವರಿಗೆ ತೊಂದರೆ ಆಗುತ್ತೆ ಅಂತ ಬರೆಯಲಿಲ್ಲ ಎಂದೆ. ಹೇಳುತ್ತಾ ಕಣ್ಣು ತಾನಾಗಿ ದ್ರೌಪದಮ್ಮನ ಕಡೆ ಹೋಯಿತು.

ಕಪ್ಪಾದ ಕೊಳವೆ, ಮೂರು ಗಾಜು, ಬೆರಳಿನ ಕಥೆ ಎಲ್ಲವನ್ನೂ ಅವರ ಮುಂದೆ ಇಟ್ಟೆ. ಮುನಿವೆಂಕಟಯ್ಯನವರು ಮಂಚದ ಮೇಲೆ ಬಗ್ಗಿ ಆ ಬೆರಳನ್ನು ತಿರುಗಿಸಿ ನೋಡಿದರು. ದೊಡ್ಡ ಡಾಕ್ಟರು ಕೇಸ್ ಶೀಟಿನಲ್ಲಿ ಕಾರ್ಟಿಸೋನ್ ಎಂದು ಬರೆದಿದ್ದಕ್ಕೆ ಅಡ್ಡಗೆರೆ ಎಳೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಲು ಹೊರಟಿದ್ದೆನಲ್ಲ ಎಂದು ತಮಗೇ ಹೇಳಿಕೊಂಡರು. ಆ ಒಂದು ಮಾತಿಗೆ ಅವರು ದ್ರೌಪದಮ್ಮನಿಗೆ ಕೈ ತೊಳೆಸಿದ ಹಳೆಯ ತಪ್ಪನ್ನು ನಾನು ಅರ್ಧ ಕ್ಷಮಿಸಿದೆ. ಆಮೇಲೆ ನನ್ನ ಕಡೆ ತಿರುಗಿ, ಇದಕ್ಕೆ ಮೊದಲು ಹೀಗೆ ಎಷ್ಟು ಸಲ ಬರೆದಿದ್ದೀರಿ ಎಂದು ಕೇಳಿದರು.

ಏಳು ಅಂದೆ. ನನಗೆ ನೆನಪಿದ್ದದ್ದು ಅಷ್ಟು.

ಪೆನಿಸಿಲಿನ್ನಿನ ಮೊದಲ ಇಂಜೆಕ್ಷನ್ ದ್ರೌಪದಮ್ಮನೇ ಕೊಟ್ಟಳು. ಆಮೇಲೆ ಲ್ಯಾಬಿನ ಬಾಗಿಲಿಗೆ ಬಂದು ನಿಂತಳು, ಒಳಗೆ ಬರಲಿಲ್ಲ.

“ಸ್ಪಿರಿಟ್ನಲ್ಲಿ ಎರಡೆರಡು ಸಲ ಒರೆಸಿ, ಆರೋವರೆಗೂ ಕಾದು, ಆಮೇಲೆ ಸೂಜಿ ಹಾಕಿದೀನಿ ಕಣೇ. ಎರಡು ವರ್ಷದಿಂದ ಒಂದ್ ದಿನಾನೂ ತಪ್ಪಿಲ್ಲ. ನನ್ನ ಕಾಪಾಡ್ತಿದೀನಿ ಅಂದ್ಕೊಂಡು ಕೂತಿದ್ದೀಯಲ್ಲ, ನನ್ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?”

ಅನ್ನಿಸಿರಲಿಲ್ಲ. ಅವಳ ಕೈ ಕೊಳಕೇ ಎಂದು ನಾನು ನಂಬಿದ್ದೆ. ಅವಳ ಡಬ್ಬಿಯಲ್ಲಿ ತಿನ್ನುತ್ತಾ, ಅವಳ ಪಕ್ಕದಲ್ಲಿ ಕೂತು ಬರುತ್ತಾ, ಪಾಪ ಇವಳಿಗೆ ಬರುವುದೇ ಇಷ್ಟು ಎಂದು ನಂಬಿದ್ದೆ. ದೊಡ್ಡ ಡಾಕ್ಟರು ಒಂದು ದಿನ ಎಲ್ಲರೆದುರು ಮಾಡಿದ್ದನ್ನು ನಾನು ಎರಡು ವರ್ಷ ಮನಸ್ಸಿನೊಳಗೇ ಮಾಡಿದ್ದೆ. ಅವಳು ಹೊರಟುಹೋದಳು. ಸಂಜೆ ರೈಲಿನಲ್ಲಿ ಬೇರೆ ಬೋಗಿ ಹತ್ತಿದಳು.

ಆ ಮಧ್ಯಾಹ್ನ ಮುನಿವೆಂಕಟಯ್ಯನವರೂ ನಾನೂ ಹಳೆಯ ವರದಿಗಳನ್ನು ಹರಡಿಕೊಂಡು ಆ ಏಳನ್ನು ಹುಡುಕಿದೆವು. ಐದು ಜನ ಮನೆಗೆ ಹೋಗಿದ್ದರು. ಇಬ್ಬರು ಸತ್ತಿದ್ದರು. ಅವರ ಸೀಸೆಯಲ್ಲಿ ಬೆಳೆದದ್ದು ಕೊಳೆಯೋ ರೋಗವೋ ನನಗೆ ಗೊತ್ತಿಲ್ಲ. ಸೀಸೆಗಳನ್ನು ನಾನೇ ಕುದಿಸಿ ತೊಳೆದಿದ್ದೆ. ಗಾಜುಗಳನ್ನೂ ಹಿಂದಿನ ವರ್ಷದ ಕೊನೆಯಲ್ಲೇ ಎಸೆದಾಗಿತ್ತು. ಕೊಳೆಯೇ ಇದ್ದಿರಬಹುದು ಎಂದು ಮುನಿವೆಂಕಟಯ್ಯನವರು ಸಮಾಧಾನ ಹೇಳಿದರು. ಒಳ್ಳೆಯ ಮನುಷ್ಯ. ನನಗೆ ಆ ಸಮಾಧಾನ ಇವತ್ತಿಗೂ ಆಗಿಲ್ಲ.

ನಾಲ್ಕು ಗಂಟೆಗೊಮ್ಮೆ ಪೆನಿಸಿಲಿನ್. ಮೊದಲ ನಾಲ್ಕು ದಿನ ಜ್ವರ ಜಗ್ಗಲಿಲ್ಲ. ನಾನು ಗಂಟೆಗೊಂದು ನೆಪ ಮಾಡಿಕೊಂಡು ವಾರ್ಡಿನ ಬಾಗಿಲಿಗೆ ಹೋಗಿ ಇಣುಕುತ್ತಿದ್ದೆ. ಸೋಮವಾರ ಹೆಬ್ಬಾಳದಿಂದ ಮಂಜೂರ್ ತಾನೇ ಬಂದ. ಜೆಲಾಟಿನ್ ಕೊಳವೆಯಲ್ಲಿ ಚುಚ್ಚಿದ ಗೆರೆಯ ಸುತ್ತಲೂ ಬೆಳವಣಿಗೆ ಎಳೆಎಳೆಯಾಗಿ ಚಾಚಿ, ಸೀಸೆ ತೊಳೆಯುವ ಬ್ರಷ್ಷಿನ ಹಾಗೆಯೇ ಕಾಣುತ್ತಿತ್ತು. ಇನ್ನು ಅನುಮಾನವಿಲ್ಲ ಎಂದ. ದೊಡ್ಡ ಡಾಕ್ಟರು ಅವನನ್ನು ಕುರ್ಚಿಯಲ್ಲಿ ಕೂರಿಸಿ ಕಾಫಿ ತರಿಸಿದರು. ಮಾರನೆಯ ದಿನ, ಐದನೇ ದಿನಕ್ಕೆ, ಲಕ್ಷ್ಮಿದೇವಮ್ಮನ ಜ್ವರ ಇಳಿಯಿತು. ಅವಳು ರಾಗಿ ಗಂಜಿ ಕೇಳಿದಳೆಂದು ಮುನಿಕೃಷ್ಣಮ್ಮ ಲ್ಯಾಬಿಗೆ ಬಂದು ಹೇಳಿದಳು. ನಾನು ಬಾಗಿಲು ಹಾಕಿಕೊಂಡು ಅತ್ತೆ.

ಆರು ವಾರಕ್ಕೆ ಅವಳು ನಡೆದುಕೊಂಡೇ ಹೋದಳು. ಕವಾಟ ಸೋರುವುದು ನಿಲ್ಲಲಿಲ್ಲ. ಇನ್ನು ಭಾರ ಹೊರಬಾರದು, ಮೀನಿನ ಕುಕ್ಕೆ ಮುಟ್ಟಬಾರದು ಎಂದು ಹೇಳಿ ಕಳಿಸಿದರು. ಮೊದಲ ಸೀಸೆಯ ದಿನವೇ ನಿಜ ಬರೆದಿದ್ದರೆ ಕವಾಟ ಅಷ್ಟು ಕೆಡುತ್ತಿರಲಿಲ್ಲವೇ ಎಂದು ನಾನು ಮುನಿವೆಂಕಟಯ್ಯನವರನ್ನು ಕೇಳಿದೆ. ಅವರು ಅವಳ ಔಷಧಿ ಚೀಟಿ ಬರೆಯುವುದನ್ನು ಮುಂದುವರಿಸಿದರು. ಹೋಗುವಾಗ ಅವಳು ನನಗೆ ಕೈ ಮುಗಿದಳು, ನೀವೇ ಉಳಿಸಿದ್ದು ಎಂದು ಯಾರೋ ಹೇಳಿದ್ದರಂತೆ. ಅದಕ್ಕಿಂತ ಅವಳು ಕಪಾಳಕ್ಕೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅದೇ ವಾರ ದ್ರೌಪದಮ್ಮ ಒಂದು ಸೀಸೆ ತಂದು ನನ್ನ ಮೇಜಿನ ಮೇಲೆ ಇಟ್ಟಳು. ಹೊಸ ರೋಗಿ, ಬಾಣಂತಿ ಜ್ವರ. ಆರು ವಾರದಲ್ಲಿ ಅವಳು ನನ್ನ ಹತ್ತಿರ ಆಡಿದ ಮೊದಲ ಮಾತು ಅದು.

“ಇದರಲ್ಲಿ ಏನ್ ಬೆಳೆದ್ರೂ ಬರಿ. ಕೊಳೆ ಬೆಳೆದ್ರೆ ಕೊಳೆ ಅಂತಾನೇ ಬರಿ. ರಕ್ತ ತೆಗೆದೋಳು ದ್ರೌಪದಮ್ಮ ಅಂತ ಪಕ್ಕದಲ್ಲಿ ಬರಿ.”

ಏನೂ ಬೆಳೆಯದಿರಲಿ ಎಂದು ಯಲಹಂಕದ ಪಟಾಲಮ್ಮನಿಗೆ ಹರಕೆ ಹೊತ್ತೆ. ಎರಡನೇ ದಿನಕ್ಕೆ ಸೀಸೆ ಮಸುಕಾಯಿತು. ಗಾಜಿಗೆ ಹಚ್ಚಿ ನೋಡಿದರೆ ಗುಂಡಗುಂಡನೆಯ, ದ್ರಾಕ್ಷಿ ಗೊಂಚಲಿನಂಥವು. ಪೂರ್ತಿ ಪರೀಕ್ಷೆ ಮಾಡಿದೆ. ಚರ್ಮದ ಕ್ರಿಮಿ. ಈ ಸಲ ನಿಜವಾಗಿಯೂ ಕೊಳೆಯೇ.

ಲೇಖನಿ ಹಿಡಿದು ಎಷ್ಟೋ ಹೊತ್ತು ನಿಂತಿದ್ದೆ, ಕೂರಲಾಗಲಿಲ್ಲ. ಕೊನೆಗೆ ಬರೆದೆ: ಚರ್ಮದ ಕ್ರಿಮಿ ಬೆಳೆದಿದೆ, ಮತ್ತೆ ರಕ್ತ ಬೇಕು, ರಕ್ತ ತೆಗೆದವರು ದ್ರೌಪದಮ್ಮ. ನಾನೇ ಹೋಗಿ ಅವಳ ಕೈಗೆ ಕೊಟ್ಟೆ. ಅವಳು ಅಲ್ಲೇ ನಿಂತು ಓದಿದಳು. ಮುಖ ಕೆಂಪಾಯಿತು. ಹೊಸ ಸೀಸೆ ಕೇಳಿ ಇಸಿದುಕೊಂಡು, ಸ್ಪಿರಿಟ್ಟು ತೆಗೆದುಕೊಂಡು ಬಾಣಂತಿಯ ಮಂಚದ ಕಡೆ ಹೋದಳು. ಅರ್ಧ ದಾರಿಯಲ್ಲಿ ತಿರುಗಿ, ಬಂದು ನೋಡು ಅಂದಳು. ನಾನು ಹೋಗಿ ಪಕ್ಕದಲ್ಲಿ ನಿಂತುಕೊಂಡೆ.